ಮೊದಲು ತೋಳು ಚಾಚಿದವರು

ಕಳಂಬೋಲಿಯ ಕಬ್ಬಿಣ ಮಾರುಕಟ್ಟೆಯಿಂದ ಹುಬ್ಬಳ್ಳಿ ಕಡೆ ಹೊರಡುವ ಲಾರಿಗಳನ್ನು ನೀವು ನೋಡಿರಬಹುದು. ಸರಕು ಹೋಗುವ ದಾರಿಯಲ್ಲೇ ರೋಗವೂ ಹೋಗುತ್ತದೆ ಅನ್ನೋದು ಹಳೆಯ ಪಾಠ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಎರಡೇ ವರ್ಷದಲ್ಲಿ ಹುಬ್ಬಳ್ಳಿ, ಧಾರವಾಡ, ಬೆಂಗಳೂರು ತಲುಪಿತ್ತು. ಅದೇ ದಾರಿಯಲ್ಲಿ ಮದ್ದೂ ಬಂತು. ಆ ಮದ್ದಿನ ಚರಿತ್ರೆಯಲ್ಲಿ ಮುಸ್ಲಿಮರ ಎರಡು ಅನುಭವಗಳಿವೆ. ಎರಡನ್ನೂ ನಾವು ತಿಳಿದಿರಬೇಕು.

ಪ್ಲೇಗಿನ ಗುಟ್ಟು ಬಿಡಿಸಿದ್ದು ಯಾರೋ ಒಬ್ಬ ವಿಜ್ಞಾನಿಯಲ್ಲ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ರೋಗಾಣುವನ್ನು ಗುರುತಿಸಿದರು. 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂದ್, ಇಲಿಯ ಮೈಮೇಲಿನ ಚಿಗಟವೇ ರೋಗ ಹರಡುತ್ತದೆ ಅಂತ ತೋರಿಸಿದರು. ಆಗ ಬಹಳ ಜನ ನಂಬಲಿಲ್ಲ. 1905ರಿಂದ ಮುಂಬಯಿಯ ಪರೇಲ್‌ನಲ್ಲಿ ಕೆಲಸ ಮಾಡಿದ ಪ್ಲೇಗ್ ಸಂಶೋಧನಾ ಆಯೋಗ ಅದು ನಿಜವೆಂದು ಸಾಬೀತುಪಡಿಸಿತು.

ಲಸಿಕೆ ಮಾಡಿದವರು ವಾಲ್ಡೆಮಾರ್ ಹಾಫ್‌ಕಿನ್. ಒಡೆಸಾದಲ್ಲಿ ಹುಟ್ಟಿದ ಯಹೂದಿ, ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯಲ್ಲಿ ಪಳಗಿದವರು. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಪುಟ್ಟ ಜಾಗದಲ್ಲಿ, ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು ರೋಗಾಣು ಬೆಳೆಸಿದರು. ಆಮೇಲೆ ಅದನ್ನು ಕಾಯಿಸಿ ಕೊಂದು ಲಸಿಕೆ ಮಾಡಿದರು. 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು.

ಸರಿ, ಮದ್ದು ಸಿಕ್ಕಿತು. ಚುಚ್ಚಿಸಿಕೊಳ್ಳೋರು ಯಾರು?

ಸರ್ಕಾರ ಆರಿಸಿಕೊಂಡದ್ದು ಬಲವಂತದ ದಾರಿ. ಪ್ಲೇಗ್ ಸಿಬ್ಬಂದಿ ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕುತ್ತಿದ್ದರು, ಹೆಂಗಸರೆನ್ನದೆ ಮಕ್ಕಳೆನ್ನದೆ ಆಸ್ಪತ್ರೆಗೆ ಎಳೆದೊಯ್ಯುತ್ತಿದ್ದರು. 1898ರ ಮಾರ್ಚ್‌ನಲ್ಲಿ ಮದನ್‌ಪುರದ ಮುಸ್ಲಿಂ ನೇಕಾರರ ಮನೆಯಿಂದ ಕಾಯಿಲೆ ಬಿದ್ದ ಹುಡುಗಿಯೊಬ್ಬಳನ್ನು ಒಯ್ಯಲು ಹೋದಾಗ ದಂಗೆಯೇ ಎದ್ದಿತು. ಆ ನೇಕಾರರನ್ನು ಮೂಢರು ಅಂತ ತಳ್ಳಿಹಾಕಬೇಡಿ. ಅವರ ಮುಂದೆ ಬಂದು ನಿಂತದ್ದು ವಿಜ್ಞಾನವಲ್ಲ, ಲಾಠಿ.

ಅದೇ ನಗರದಲ್ಲಿ ಇನ್ನೊಂದು ದಾರಿಯೂ ಇತ್ತು. ಇಸ್ಮಾಯಿಲಿ ಖೋಜಾಗಳ ಇಮಾಮ್ ಮೂರನೇ ಆಗಾ ಖಾನ್‌ಗೆ ಆಗ ಸುಮಾರು 20 ವರ್ಷ. ತಮ್ಮ ಖುಶ್ರು ಲಾಡ್ಜ್ ಬಂಗಲೆಯನ್ನು ಹಾಫ್‌ಕಿನ್‌ರ ಪ್ರಯೋಗಾಲಯಕ್ಕೆ ಬಿಟ್ಟುಕೊಟ್ಟರು. ತಮ್ಮ ಜನರ ಎದುರೇ ತೋಳು ಚಾಚಿ ಲಸಿಕೆ ಹಾಕಿಸಿಕೊಂಡರು. ಅವರನ್ನು ನೋಡಿ ಸಾವಿರಾರು ಖೋಜಾಗಳು ಮುಂದೆ ಬಂದರು. ಆ ವರ್ಷವೇ ಹುಬ್ಬಳ್ಳಿಯಲ್ಲಿ 30 ಸಾವಿರಕ್ಕೂ ಹೆಚ್ಚು ಜನ ಈ ಲಸಿಕೆ ಪಡೆದರು.

ನಂಬಿಕೆ ಮುರಿಯೋದೂ ಸುಲಭ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಕಲುಷಿತವಾದ ಒಂದೇ ಒಂದು ಬಾಟಲಿಯಿಂದ 19 ಮಂದಿ ಧನುರ್ವಾಯು ತಗಲಿ ಸತ್ತರು. ತಪ್ಪೆಲ್ಲ ಹಾಫ್‌ಕಿನ್ ತಲೆಗೆ ಬಂತು, ಹುದ್ದೆ ಹೋಯಿತು. ರೊನಾಲ್ಡ್ ರಾಸ್‌ರಂಥ ಸಹ ವಿಜ್ಞಾನಿಗಳು ದನಿ ಎತ್ತಿದ ಮೇಲೆ, 1907ರಲ್ಲಿ ಕಳಂಕ ತೊಳೆಯಿತು. 1925ರಲ್ಲಿ ಪರೇಲ್‌ನ ಆ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಟ್ಟರು.

ಸಾಂಕ್ರಾಮಿಕದ ಊರಿಗೆ ಹೋಗಬೇಡಿ, ಅಲ್ಲಿದ್ದರೆ ಹೊರಬರಬೇಡಿ ಎಂಬ ಪ್ರವಾದಿ(ಸ)ಯವರ ಬೋಧನೆ ನಮಗೆಲ್ಲ ಗೊತ್ತು. ಸಿರಿಯಾದ ದಾರಿಯಲ್ಲಿ ಪ್ಲೇಗಿನ ಸುದ್ದಿ ಕೇಳಿದ ಖಲೀಫಾ ಉಮರ್(ರ) ಒಬ್ಬರೇ ತೀರ್ಮಾನಿಸಲಿಲ್ಲ. ಮುಹಾಜಿರರನ್ನು ಕೇಳಿದರು, ಅನ್ಸಾರರನ್ನು ಕೇಳಿದರು, ಹಿರಿಯರನ್ನು ಕೇಳಿದರು, ಆಮೇಲೆ ಹಿಂತಿರುಗಿದರು. ಎಲ್ಲರ ತಿಳಿವಳಿಕೆ ಸೇರಿಸಿ ನಡೆಯೋದು ನಮಗೆ ಹೊಸದೇನಲ್ಲ.

ನಿಮ್ಮಲ್ಲಿ ಕೆಲವರು ನಾಳೆ ಸೂಕ್ಷ್ಮಜೀವಿಶಾಸ್ತ್ರ ಓದಬಹುದು. ಸೂಕ್ಷ್ಮದರ್ಶಕ ಹಿಡಿಯಲು ಕಾಲೇಜು ಕಲಿಸುತ್ತದೆ. ಆದರೆ ಪ್ರಯೋಗಾಲಯಕ್ಕೂ ಮೊಹಲ್ಲಾಕ್ಕೂ ನಡುವೆ ನಿಂತು, ಜನರ ಭಯವನ್ನು ಗೌರವದಿಂದ ಕೇಳಿ, ಮೊದಲು ತನ್ನ ತೋಳು ಚಾಚುವುದನ್ನು ನಾವೇ ಕಲಿಯಬೇಕು.