ಹಿಂದಿ ಪ್ರಣಯ ಹಾಸ್ಯಚಿತ್ರಗಳಲ್ಲಿ ಸಲಿಂಗಪ್ರೇಮ

ಹಿಂದಿಯ ಜನಪ್ರಿಯ ಪ್ರಣಯ ಹಾಸ್ಯಚಿತ್ರಗಳಲ್ಲಿ ಸಲಿಂಗಪ್ರೇಮ ಬಹುಕಾಲ ನಗೆಯ ಸರಕಾಗಿತ್ತು. ‘ಕಲ್ ಹೋ ನಾ ಹೋ’ (2003) ಚಿತ್ರದಲ್ಲಿ ನಾಯಕನನ್ನೂ ಅವನ ಗೆಳೆಯನನ್ನೂ ಒಟ್ಟಿಗೆ ಕಂಡಾಗಲೆಲ್ಲ ಮನೆಗೆಲಸದ ಕಾಂತಾಬೆನ್ ಬೆಚ್ಚಿಬೀಳುತ್ತಾಳೆ. ತರುಣ್ ಮನ್ಸುಖಾನಿಯವರ ‘ದೋಸ್ತಾನಾ’ (2008) ಆ ನಗೆಯನ್ನೇ ಇಡೀ ಕಥೆಯಾಗಿ ಹಿಗ್ಗಿಸಿತು: ಮಯಾಮಿಯಲ್ಲಿ ಬಾಡಿಗೆ ಮನೆ ಸಿಗಲೆಂದು ಇಬ್ಬರು ಗಂಡಸರು ಜೋಡಿಯಂತೆ ನಟಿಸುತ್ತಾರೆ. ಪ್ರೇಮ ಸುಳ್ಳಾದರೂ, ಮಗನ ಸಂಗಾತಿಯನ್ನು ಸೊಸೆಯಂತೆ ಬರಮಾಡಿಕೊಳ್ಳುವ ಕಿರಣ್ ಖೇರ್ ಅವರ ತಾಯಿಯ ಪಾತ್ರದಲ್ಲಿ ನಿಜವಾದ ಅಂತಃಕರಣವಿತ್ತು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರತಂದಿತು. ಮರುವರ್ಷವೇ ಬಂದ ‘ಏಕ್ ಲಡ್ಕಿ ಕೋ ದೇಖಾ ತೋ ಐಸಾ ಲಗಾ’ ಪಂಜಾಬಿನ ಮೋಗಾದ ಸ್ವೀಟಿಯ ಕಥೆ. ಚಿತ್ರಕಥೆಯಲ್ಲಿ ಟ್ರಾನ್ಸ್ ಲೇಖಕಿ ಗಜಲ್ ಧಾಲಿವಾಲ್ ಅವರ ಕೈಯಿತ್ತು. ಆದರೆ ಸ್ವೀಟಿಯ ಪ್ರೇಯಸಿಗಿಂತ ಅವಳನ್ನು ಬಯಸುವ ಗಂಡಸಿಗೇ ತೆರೆಯಲ್ಲಿ ಹೆಚ್ಚು ಜಾಗ ಸಿಕ್ಕಿತು. ಹಿತೇಶ್ ಕೇವಲ್ಯರ ‘ಶುಭ್ ಮಂಗಲ್ ಜ್ಯಾದಾ ಸಾವ್‌ಧಾನ್’ (2020) ನಗೆಯ ದಿಕ್ಕನ್ನೇ ತಿರುಗಿಸಿತು. ಅಲ್ಲಿ ನಗೆಪಾಟಲಾಗುವುದು ಪ್ರೇಮಿಗಳಾದ ಕಾರ್ತಿಕ್ ಮತ್ತು ಅಮನ್ ಅಲ್ಲ. ಕಪ್ಪು ಹೂಕೋಸು ಬೆಳೆಸುವ, ಮಗನ ಪ್ರೇಮವನ್ನು ಮಾತ್ರ ಅಸಹಜವೆನ್ನುವ ಅಮನ್‌ನ ಅಪ್ಪ. ಮನೆಯವರ ವಿರೋಧವೆಂಬ ಹಿಂದಿ ಪ್ರೇಮಕಥೆಗಳ ಹಳೆಯ ಅಡ್ಡಿಯೇ ಇಬ್ಬರು ಹುಡುಗರ ಮುಂದೆಯೂ ನಿಂತಿತು.

ಸಲಿಂಗಪ್ರೇಮದ ಕಥೆಯಲ್ಲದಿದ್ದರೂ ಇದೇ ಹಾದಿಯಲ್ಲಿ ಬಂದ ‘ಚಂಡೀಗಢ್ ಕರೇ ಆಶಿಕಿ’ (2021) ಟ್ರಾನ್ಸ್ ಮಹಿಳೆಯನ್ನು ನಾಯಕಿಯಾಗಿಸಿತು. ಪಾತ್ರ ಮಾಡಿದವರು ಟ್ರಾನ್ಸ್ ಅಲ್ಲದ ವಾಣಿ ಕಪೂರ್; ಈ ಆಯ್ಕೆಗೆ ಬಂದ ಆಕ್ಷೇಪ ನ್ಯಾಯವಾದದ್ದೇ.

ಈ ಸಾಲಿನಲ್ಲಿ ಅತ್ಯಂತ ಪಕ್ವವಾದದ್ದು ಹರ್ಷವರ್ಧನ್ ಕುಲಕರ್ಣಿಯವರ ‘ಬಧಾಯಿ ದೋ’ (2022). ಡೆಹ್ರಾಡೂನಿನ ಪೊಲೀಸ್ ಅಧಿಕಾರಿ ಶಾರ್ದೂಲ್ ಗೇ, ದೈಹಿಕ ಶಿಕ್ಷಣದ ಶಿಕ್ಷಕಿ ಸುಮನ್ ಲೆಸ್ಬಿಯನ್. ಮನೆಯವರ ಕಾಟ ತಪ್ಪಲೆಂದು ಇಬ್ಬರೂ ಮದುವೆಯಾಗುತ್ತಾರೆ. ಮದುವೆಯಾದ ಮೇಲೆ ‘ಏನು ವಿಶೇಷ?’ ಎಂಬ ವಿಚಾರಣೆ ಶುರುವಾಗುತ್ತದೆ. ಸುಮನ್‌ಗೋ ಮಗುವನ್ನು ದತ್ತು ಪಡೆಯುವ ಆಸೆ. ರಾಜ್‌ಕುಮಾರ್ ರಾವ್ ಮತ್ತು ಭೂಮಿ ಪೆಡ್ನೇಕರ್ ಈ ಇಕ್ಕಟ್ಟಿನ ನಗುವನ್ನೂ ನೋವನ್ನೂ ಬೇರೆ ಮಾಡದೆ ಆಡಿದ್ದಾರೆ. ಸುಮನ್‌ಳ ಪ್ರೇಯಸಿ ರಿಮ್‌ಝಿಮ್ ಆಗಿ ಅರುಣಾಚಲ ಪ್ರದೇಶದ ಚುಮ್ ದರಂಗ್ ಇದ್ದಾರೆ. ಈಶಾನ್ಯದ ಮುಖವೊಂದು ಹಿಂದಿ ಪ್ರೇಮಕಥೆಯಲ್ಲಿ ಪ್ರೀತಿಸಲ್ಪಡುವ ಹೆಣ್ಣಾಗಿ ಕಾಣುವುದೇ ಅಪರೂಪ. ಶಾರ್ದೂಲ್‌ನ ಸಂಗಾತಿ ವಕೀಲ ಗುರು ಆಗಿರುವವರು ಬೆಂಗಳೂರಿನ ಕೊಡವ ನಟ ಗುಲ್ಶನ್ ದೇವಯ್ಯ.

ಪ್ರಣಯ ಹಾಸ್ಯ ಸಾಮಾನ್ಯವಾಗಿ ಮದುವೆಯಲ್ಲಿ ಮುಗಿಯುತ್ತದೆ. ಸಲಿಂಗ ಜೋಡಿಗೆ ಆ ಮುಕ್ತಾಯ ಕಾನೂನಿನಲ್ಲಿಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮದುವೆಯ ಹಕ್ಕನ್ನು ಕೊಡಲೊಪ್ಪಲಿಲ್ಲ. ‘ಬಧಾಯಿ ದೋ’ ಮುಗಿಯುವುದು ದತ್ತು ಪಡೆದ ಮಗುವಿನ ಪೂಜೆಯಲ್ಲಿ. ನೆಂಟರೆಲ್ಲ ನೋಡುತ್ತಿರುವಾಗ ಶಾರ್ದೂಲ್ ಗುರುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ.