ವಕೀಲರು, ವೈದ್ಯರು, ಸಂಸ್ಕೃತ ವಿದ್ವಾಂಸರು: ಮದರಾಸಿನ ಸಂಗೀತ ಅಕಾಡೆಮಿಯ ಗೌರವ ಪದಾಧಿಕಾರಿಗಳು

ಕರ್ನಾಟಕ ಸಂಗೀತದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ವಾಗ್ಗೇಯಕಾರರಿಂದ ಗಾಯಕರಿಗೆ, ಗಾಯಕರಿಂದ ಶಿಷ್ಯಪರಂಪರೆಗೆ ಎಂಬ ಕ್ರಮವನ್ನೇ ಅನುಸರಿಸಿದ್ದಾರೆ. ಇಪ್ಪತ್ತನೆಯ ಶತಮಾನಕ್ಕೆ ಬರುವಾಗ ಈ ಕ್ರಮ ಸಾಲುವುದಿಲ್ಲ. ಅರಮನೆ ಮತ್ತು ದೇವಾಲಯಗಳ ಆಶ್ರಯ ಕ್ಷೀಣಿಸಿದ ಮೇಲೆ ಸಂಗೀತದ ಶಿಕ್ಷಣ, ಪರೀಕ್ಷೆ, ಪ್ರಶಸ್ತಿ, ಪ್ರಕಟಣೆಗಳೆಲ್ಲ ಸಭೆ ಮತ್ತು ಸಂಸ್ಥೆಗಳ ಕೈಗೆ ಬಂದವು. ಆ ಸಂಸ್ಥೆಗಳನ್ನು ನಡೆಸಿದವರು ಸಂಗೀತವನ್ನು ಜೀವನೋಪಾಯವಾಗಿ ಮಾಡಿಕೊಂಡವರಲ್ಲ. ಹಗಲು ನ್ಯಾಯಾಲಯದಲ್ಲೋ ಔಷಧಾಲಯದಲ್ಲೋ ಕಾಲೇಜಿನಲ್ಲೋ ದುಡಿದು, ಸಂಜೆ ಸಂಸ್ಥೆಯ ಕಡತಗಳ ಮುಂದೆ ಕುಳಿತವರು ಅವರು. ಅಧ್ಯಕ್ಷ, ಗೌರವ ಕಾರ್ಯದರ್ಶಿ ಎಂಬ ವೇತನವಿಲ್ಲದ ಸ್ಥಾನಗಳಲ್ಲಿದ್ದ ಇವರ ಹಿನ್ನೆಲೆ ಎಂತಹುದು, ಆ ಹಿನ್ನೆಲೆ ಸಂಸ್ಥೆಯ ನಿರ್ಣಯಗಳ ಮೇಲೆ ಯಾವ ಗುರುತು ಬಿಟ್ಟಿತು ಎಂಬುದನ್ನು ಪರಿಶೀಲಿಸಲು ಮದರಾಸಿನ ಸಂಗೀತ ಅಕಾಡೆಮಿಗಿಂತ ಉತ್ತಮವಾದ ಉದಾಹರಣೆ ದೊರೆಯುವುದು ಕಷ್ಟ.

ಈ ಮಾದರಿ ಮದರಾಸಿನಲ್ಲಿ ಹುಟ್ಟಿದ್ದಲ್ಲ. 1870ರಲ್ಲಿ ಮುಂಬಯಿಯ ಪಾರಸಿಗಳು ಆರಂಭಿಸಿದ ಗಾಯನ ಉತ್ತೇಜಕ ಮಂಡಳಿಯ ಮುಂದಾಳು ಕೈಖುಷ್ರೂ ಕಾಬ್ರಾಜಿ ಪತ್ರಿಕಾ ಸಂಪಾದಕರು, ಸಮಾಜ ಸುಧಾರಕರು. ನಾಲ್ಕು ವರ್ಷಗಳ ತರುವಾಯ ಪುಣೆಯಲ್ಲಿ ಗಾಯನ ಸಮಾಜ ಹುಟ್ಟಿತು. ಅದರ ಶಾಖೆಯೊಂದು ಮದರಾಸಿನಲ್ಲಿಯೂ ತೆರೆಯಿತು. ಹಿಂದೂಸ್ತಾನಿ ಸಂಗೀತದ ಶಾಸ್ತ್ರವನ್ನು ಹೊಸದಾಗಿ ವ್ಯವಸ್ಥೆಗೊಳಿಸಿದ ವಿಷ್ಣು ನಾರಾಯಣ ಭಾತಖಂಡೆ ವೃತ್ತಿಯಿಂದ ವಕೀಲರು. 1916ರ ಬರೋಡಾ ಸಂಗೀತ ಪರಿಷತ್ತು ಅವರ ಯತ್ನದ ಫಲ. ತಂಜಾವೂರಿನಲ್ಲಿ ಸ್ವಂತ ವೆಚ್ಚದಿಂದ ಸಂಗೀತ ಸಮ್ಮೇಳನಗಳನ್ನು ನಡೆಸಿದ ಅಬ್ರಹಾಂ ಪಂಡಿತರು ಮೊದಲು ಶಾಲಾ ಉಪಾಧ್ಯಾಯರು, ಅನಂತರ ಸಿದ್ಧವೈದ್ಯರು. ಬೆಂಗಳೂರಿನ ಗಾಯನ ಸಮಾಜವೂ (1905) ಇದೇ ಕಾಲದ ಕೂಸು.

1927ರ ಡಿಸೆಂಬರಿನಲ್ಲಿ ಡಾ. ಎಂ. ಎ. ಅನ್ಸಾರಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಧಿವೇಶನ ಮದರಾಸಿನಲ್ಲಿ ಸೇರಿತು. ಅದರ ಜೊತೆಯಲ್ಲಿಯೇ ಅಖಿಲ ಭಾರತ ಸಂಗೀತ ಸಮ್ಮೇಳನವೊಂದು ನಡೆದು, ಶಾಶ್ವತವಾದ ಅಕಾಡೆಮಿಯೊಂದು ಬೇಕೆಂಬ ನಿರ್ಣಯ ಹೊರಟಿತು. 1928ರ ಆಗಸ್ಟ್ 18ರಂದು ಎಸ್‌ಪ್ಲನೇಡಿನ ವೈ.ಎಂ.ಸಿ.ಎ. ಸಭಾಂಗಣದಲ್ಲಿ ಸರ್ ಸಿ. ಪಿ. ರಾಮಸ್ವಾಮಿ ಅಯ್ಯರ್ ಅದನ್ನು ಉದ್ಘಾಟಿಸಿದರು. ರಾಜಕೀಯ ಅಧಿವೇಶನದ ಮಗ್ಗುಲಲ್ಲಿ ಸಂಗೀತ ಸಂಸ್ಥೆ ಹುಟ್ಟಿದ್ದು ಕಾಕತಾಳೀಯವಲ್ಲ. ರಾಷ್ಟ್ರಕ್ಕೆ ಧ್ವಜ, ಭಾಷೆ, ಇತಿಹಾಸಗಳು ಬೇಕಾದಂತೆ ಶಾಸ್ತ್ರಶುದ್ಧವಾದ ಸಂಗೀತವೂ ಬೇಕೆಂದು ನಂಬಿದ್ದ ಪೀಳಿಗೆ ಅದು.

ಮೊದಲ ಅಧ್ಯಕ್ಷರು ಡಾ. ಯು. ರಾಮರಾವ್. ಹೆಸರಿನ ಮೊದಲಕ್ಷರ ಉಡುಪಿಯನ್ನು ಸೂಚಿಸುತ್ತದೆ ಎಂಬುದನ್ನು ಕನ್ನಡದ ಸಂಶೋಧಕರು ಅಷ್ಟಾಗಿ ಗಮನಿಸಿಲ್ಲ. ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಅಲ್ಲಿನ ವಿದ್ಯಾವಂತರಿಗೆ ಮದರಾಸೇ ರಾಜಧಾನಿ. ರಾಮರಾಯರು ಆ ನಗರದಲ್ಲಿ ವೈದ್ಯರಾಗಿ ಹೆಸರು ಮಾಡಿದರು. ಪ್ರಥಮ ಚಿಕಿತ್ಸೆಯ ವಿಷಯವನ್ನು ಸಾಮಾನ್ಯ ಜನರಿಗೆ ತಿಳಿಯುವಂತೆ ಬರೆದರು. ‘ದಿ ಆ್ಯಂಟಿಸೆಪ್ಟಿಕ್’ ಎಂಬ ವೈದ್ಯಕೀಯ ಪತ್ರಿಕೆಯೊಡನೆ ಅವರ ಹೆಸರು ಬಹುಕಾಲ ಬೆಸೆದುಕೊಂಡಿತ್ತು. ಮುಂದೆ 1937ರಲ್ಲಿ ಮದರಾಸಿನ ಮೇಲ್ಮನೆಯ ಸಭಾಪತಿಗಳಾದರು. ಅವರ ಮಗ ಯು. ಕೃಷ್ಣರಾವ್ ಮದರಾಸಿನ ಮೇಯರ್ ಆಗಿ, ವಿಧಾನಸಭೆಯ ಸ್ಪೀಕರ್ ಆಗಿ ಪ್ರಸಿದ್ಧರಾದರು. ತಮಿಳು ನಾಡಿನ ಸಾಂಸ್ಕೃತಿಕ ಹೆಮ್ಮೆಯೆಂದು ಇಂದು ಎಣಿಸಲಾಗುವ ಸಂಸ್ಥೆಯ ತೊಟ್ಟಿಲು ತೂಗಿದವರು ಕರಾವಳಿಯ ಮೂಲದವರು. ಇದನ್ನು ಪ್ರಾದೇಶಿಕ ಅಭಿಮಾನಕ್ಕಾಗಿ ಹೇಳಬೇಕಾಗಿಲ್ಲ. ಭಾಷಾವಾರು ಪ್ರಾಂತ್ಯಗಳಿಗೆ ಮೊದಲಿನ ಮದರಾಸು ಎಷ್ಟು ಬಹುಭಾಷಿಕವಾಗಿತ್ತೆಂಬುದಕ್ಕೆ ಇದೊಂದು ಸಾಕ್ಷ್ಯ. ಆ ಬಹುಭಾಷಿಕತೆಯೇ ಮುಂದೆ ಅಕಾಡೆಮಿಯ ಒಂದು ದೊಡ್ಡ ವಿವಾದಕ್ಕೂ ಕಾರಣವಾಯಿತು.

ವೈದ್ಯರು ತಂದದ್ದು ಸಾರ್ವಜನಿಕ ಗೌರವ ಮತ್ತು ಆಡಳಿತದ ಅಭ್ಯಾಸ. ಸಾಹಸವನ್ನು ತಂದವರು ಇ. ಕೃಷ್ಣ ಅಯ್ಯರ್ (1897–1968). ತಿರುನೆಲ್ವೇಲಿ ಸೀಮೆಯ ಕಲ್ಲಿಡೈಕುರಿಚ್ಚಿಯವರು, ಹೈಕೋರ್ಟಿನ ವಕೀಲರು, ಕಾಂಗ್ರೆಸ್ ಕಾರ್ಯಕರ್ತರು. ಹವ್ಯಾಸಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ವಹಿಸುತ್ತಿದ್ದ ಇವರು ಮೇಲಟ್ಟೂರು ನಟೇಶ ಅಯ್ಯರ್ ಅವರಿಂದ ಸದಿರ್ ನೃತ್ಯ ಕಲಿತು, ಸ್ತ್ರೀವೇಷ ತೊಟ್ಟು ವೇದಿಕೆಯ ಮೇಲೆ ನರ್ತಿಸಿದರು. ದೇವದಾಸಿ ಮನೆತನಗಳ ಕಲೆಯೆಂದು ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ನೃತ್ಯವನ್ನು ಬ್ರಾಹ್ಮಣ ವಕೀಲನೊಬ್ಬ ತಾನೇ ಮಾಡಿ ತೋರಿಸುವುದು ವಾದಮಂಡನೆಯ ಒಂದು ವಿಧಾನ. ನ್ಯಾಯಾಲಯದಲ್ಲಿ ಸಾಕ್ಷ್ಯವನ್ನು ಮುಂದಿಡುವಂತೆ.

ಕೃಷ್ಣ ಅಯ್ಯರ್ ಅಕಾಡೆಮಿಯ ಆರಂಭಕಾಲದ ಕಾರ್ಯದರ್ಶಿಗಳಲ್ಲಿ ಒಬ್ಬರು. ಅವರ ಒತ್ತಾಸೆಯಿಂದ 1931ರ ಮಾರ್ಚಿ 15ರಂದು ‘ಕಲ್ಯಾಣಿಯ ಮಕ್ಕಳು’ ಎಂದು ಹೆಸರಾಗಿದ್ದ ರಾಜಲಕ್ಷ್ಮಿ ಮತ್ತು ಜೀವರತ್ನಂ ಸೋದರಿಯರ ನೃತ್ಯವನ್ನು ಅಕಾಡೆಮಿ ಏರ್ಪಡಿಸಿತು. ಮರುವರ್ಷದ ಕೊನೆಯಲ್ಲಿ ವಿವಾದ ಭುಗಿಲೆದ್ದಿತು. ಬೊಬ್ಬಿಲಿಯ ರಾಜರು ಪ್ರಾಂತ್ಯದ ಮುಖ್ಯಮಂತ್ರಿಗಳಾದಾಗ ನಡೆದ ಸತ್ಕಾರದಲ್ಲಿ ದೇವದಾಸಿ ನೃತ್ಯವಿತ್ತೆಂದು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಪತ್ರಿಕೆಗಳಲ್ಲಿ ಆಕ್ಷೇಪಿಸಿದರು. ಕೃಷ್ಣ ಅಯ್ಯರ್ ಪ್ರತ್ಯುತ್ತರ ಬರೆದರು. ಕಲೆಯನ್ನು ಉಳಿಸಿಕೊಂಡೇ ಅನಿಷ್ಟವನ್ನು ನೀಗಬಹುದು ಎಂಬುದು ಅವರ ವಾದ. ಪ್ರದರ್ಶನಕ್ಕೆ ಪ್ರೋತ್ಸಾಹ ಕೊಟ್ಟಷ್ಟೂ ಪದ್ಧತಿ ಉಳಿಯುತ್ತದೆ ಎಂಬುದು ಮುತ್ತುಲಕ್ಷ್ಮಿಯವರ ವಾದ. ಈ ಮಹಿಳೆಯೂ ವೈದ್ಯರು, ಶಾಸಕರು. ಅವರ ತಾಯಿ ಚಂದ್ರಮ್ಮಾಳ್ ದೇವದಾಸಿ ಸಮುದಾಯದಿಂದ ಬಂದವರು. ಪದ್ಧತಿಯನ್ನು ಹತ್ತಿರದಿಂದ ಬಲ್ಲವರು ಅದರ ನಿರ್ಮೂಲನವನ್ನೂ, ಹೊರಗಿನಿಂದ ಬಂದ ರಸಿಕರು ಅದರ ಕಲೆಯ ಉಳಿವನ್ನೂ ಬಯಸಿದ ಈ ವೈದೃಶ್ಯವನ್ನು ‘ಸುಧಾರಕ–ಸಂಪ್ರದಾಯವಾದಿ’ ಎಂಬ ಸರಳ ಜೋಡಿಯಲ್ಲಿ ಹಿಡಿಯಲಾಗದು. 1933ರ ಜನವರಿ 1ರಂದು ಅದೇ ಸೋದರಿಯರು ಅಕಾಡೆಮಿಯಲ್ಲಿ ಮತ್ತೆ ನರ್ತಿಸಿದರು. ಪತ್ರಿಕೆಗಳ ವಾಗ್ವಾದವೇ ಪ್ರಚಾರವಾಗಿ ಪ್ರೇಕ್ಷಕರು ಕಿಕ್ಕಿರಿದರು. ಅದೇ ವರ್ಷ ಬಾಲಸರಸ್ವತಿಯೂ ಅಕಾಡೆಮಿಯ ವೇದಿಕೆಗೆ ಬಂದರು. ಕೆಲವೇ ವರ್ಷಗಳಲ್ಲಿ ಇದೇ ನೃತ್ಯ ಭರತನಾಟ್ಯವೆಂಬ ಹೆಸರಿನಲ್ಲಿ ಮೇಲ್ಜಾತಿಯ ಮನೆಗಳ ಹೆಣ್ಣುಮಕ್ಕಳ ವಿದ್ಯೆಯಾಯಿತು. ಕೃಷ್ಣ ಅಯ್ಯರ್ ಕಲೆಯನ್ನು ಉಳಿಸಿದರೆಂಬುದು ನಿಜ. ಕಲಾವತಿಯರನ್ನು ಉಳಿಸುವ ಯೋಜನೆ ಯಾರಲ್ಲಿಯೂ ಇರಲಿಲ್ಲ ಎಂಬುದೂ ಅಷ್ಟೇ ನಿಜ. 1947ರ ಕಾಯಿದೆಯ ವೇಳೆಗೆ ಆ ಮನೆತನಗಳ ವೇದಿಕೆ ಬಹುಪಾಲು ಕೈಬಿಟ್ಟುಹೋಗಿತ್ತು.

ವಕೀಲಿ ವೃತ್ತಿಯ ಪ್ರಭಾವ ಇನ್ನೊಂದು ಬಗೆಯಲ್ಲಿಯೂ ಕೆಲಸ ಮಾಡಿತು. ಅಕಾಡೆಮಿಯ ವಾರ್ಷಿಕ ಸಮ್ಮೇಳನದ ಬೆಳಗಿನ ಗೋಷ್ಠಿಗಳಲ್ಲಿ ತಜ್ಞರ ಸಮಿತಿ ರಾಗಲಕ್ಷಣಗಳನ್ನು ಚರ್ಚಿಸುತ್ತಿತ್ತು. ಒಂದು ರಾಗದ ಆರೋಹಣ–ಅವರೋಹಣ ಯಾವುದು, ಯಾವ ಸಂಚಾರ ಗ್ರಾಹ್ಯ, ಯಾವುದು ವರ್ಜ್ಯ ಎಂಬುದಕ್ಕೆ ವಿದ್ವಾಂಸರು ಕೃತಿಗಳನ್ನು ಹಾಡಿ ಪ್ರಮಾಣ ಒದಗಿಸುವರು. ಲಕ್ಷಣಗ್ರಂಥಗಳಿಂದ ಆಧಾರ ಎತ್ತಿ ತೋರಿಸುವರು. ಕೊನೆಗೆ ಒಂದು ನಿರ್ಣಯ ದಾಖಲಾಗುವುದು. ಸಾಕ್ಷಿ, ಪೂರ್ವನಿದರ್ಶನ, ತೀರ್ಪು: ಈ ಕ್ರಮದ ಹಿಂದೆ ನ್ಯಾಯಾಲಯದ ಛಾಯೆ ಸ್ಪಷ್ಟ. ಬೇರೆ ಬೇರೆ ಗುರುಮನೆಗಳಲ್ಲಿ ಬೇರೆ ಬೇರೆಯಾಗಿ ಬಾಳಿದ ಪಾಠಗಳಲ್ಲಿ ಒಂದನ್ನು ‘ಸರಿ’ ಎಂದು ಗೊತ್ತುಪಡಿಸುವ ಹಂಬಲ ವಕೀಲರಿಗೆ ಸಹಜ, ಗುರುಮನೆಗೆ ಅಷ್ಟು ಸಹಜವಲ್ಲ. ಕಾರ್ಯಕಲಾಪಗಳ ನಿಯತಕಾಲಿಕೆ ಮುಖ್ಯವಾಗಿ ಇಂಗ್ಲಿಷಿನಲ್ಲಿ ಪ್ರಕಟವಾಗುತ್ತಿತ್ತು. ಹಾಡಿ ತೋರಿಸಿದವರು ಒಬ್ಬರು, ಬರೆದಿಟ್ಟವರು ಮತ್ತೊಬ್ಬರು.

ಆದರೂ ಈ ವಕೀಲರನ್ನು ಸಂಗೀತದ ಹೊರಗಿನವರೆಂದು ತಳ್ಳಿಹಾಕುವುದು ಅನ್ಯಾಯ. ಟಿ. ವಿ. ಸುಬ್ಬರಾವ್ ವಕೀಲರಾಗಿದ್ದೂ ಸಂಗೀತಶಾಸ್ತ್ರದಲ್ಲಿ ಗಟ್ಟಿಗರು. ಅವರ ಪ್ರಬಂಧಗಳು ‘ಸ್ಟಡೀಸ್ ಇನ್ ಇಂಡಿಯನ್ ಮ್ಯೂಸಿಕ್’ ಎಂಬ ಸಂಕಲನವಾಗಿ ಬಂದಿವೆ. ಟಿ. ಎಲ್. ವೆಂಕಟರಾಮ ಅಯ್ಯರ್ ಮದರಾಸು ಹೈಕೋರ್ಟಿನ, ಅನಂತರ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಮುತ್ತುಸ್ವಾಮಿ ದೀಕ್ಷಿತರ ಪರಂಪರೆಯ ಅಂಬಿ ದೀಕ್ಷಿತರಲ್ಲಿ ಕೃತಿಗಳನ್ನು ನೇರವಾಗಿ ಪಾಠಮಾಡಿಕೊಂಡು, ಡಿ. ಕೆ. ಪಟ್ಟಮ್ಮಾಳ್ ಅವರಂಥ ಗಾಯಕಿಗೆ ಅವನ್ನು ಕಲಿಸಿದವರು. ಇಲ್ಲಿ ನ್ಯಾಯಮೂರ್ತಿಯೇ ಗುರುಪರಂಪರೆಯ ಕೊಂಡಿ. 1944ರ ಸಮ್ಮೇಳನಾಧ್ಯಕ್ಷತೆಯೂ ‘ಸಂಗೀತ ಕಲಾನಿಧಿ’ ಬಿರುದೂ ಅವರಿಗೆ ಸಂದದ್ದು ಪದವಿಯ ಬಲದಿಂದಲ್ಲ, ಪಾಠದ ಬಲದಿಂದ. ರಾಮರಾಯರ ತರುವಾಯ ಅಧ್ಯಕ್ಷರಾಗಿ ಸುಮಾರು ಮೂರು ದಶಕ ಸಂಸ್ಥೆಯನ್ನು ನಡೆಸಿದ ಕೆ. ವಿ. ಕೃಷ್ಣಸ್ವಾಮಿ ಅಯ್ಯರ್ ಕೂಡ ವಕೀಲರೇ.

ಶಿಕ್ಷಣದ ಮಾತಿಗೆ ಬಂದರೆ, 1931ರಲ್ಲಿ ಅಕಾಡೆಮಿ ಸಂಗೀತ ಶಿಕ್ಷಕರ ತರಬೇತಿ ಕಾಲೇಜನ್ನು ತೆರೆಯಿತು. ಗಾಯಕರನ್ನು ತಯಾರಿಸುವುದು ಅದರ ಮೊದಲ ಗುರಿಯಲ್ಲ, ಸಂಗೀತವನ್ನು ಕ್ರಮವಾಗಿ ಬೋಧಿಸಬಲ್ಲವರನ್ನು ತಯಾರಿಸುವುದು. ಪ್ರಾಂಶುಪಾಲರ ಸ್ಥಾನಕ್ಕೆ ಮಾತ್ರ ಪದಾಧಿಕಾರಿಗಳು ತಮ್ಮಂಥವರನ್ನು ಆರಿಸಲಿಲ್ಲ. ಮೊದಲು ಟೈಗರ್ ವರದಾಚಾರ್ಯರು, ಮುಂದೆ ದೀರ್ಘಕಾಲ ಮುಡಿಕೊಂಡಾನ್ ವೆಂಕಟರಾಮ ಅಯ್ಯರ್. ಆಡಳಿತ ಹವ್ಯಾಸಿಗಳದು, ಬೋಧನೆ ವಿದ್ವಾಂಸರದು ಎಂಬ ಈ ವಿಭಜನೆ ಅಕಾಡೆಮಿಯ ಅತ್ಯಂತ ವಿವೇಕದ ನಿರ್ಧಾರವೆನ್ನಬಹುದು.

1944ರಲ್ಲಿ ಕಾರ್ಯದರ್ಶಿಯಾದ ಡಾ. ವಿ. ರಾಘವನ್ (1908–1979) ವೃತ್ತಿಯಿಂದ ಸಂಸ್ಕೃತ ಪ್ರಾಧ್ಯಾಪಕರು. ತ್ರಿಮೂರ್ತಿಗಳ ಊರಾದ ತಿರುವಾರೂರಿನಲ್ಲಿ ಹುಟ್ಟಿ, ಮಹಾಮಹೋಪಾಧ್ಯಾಯ ಕುಪ್ಪುಸ್ವಾಮಿ ಶಾಸ್ತ್ರಿಗಳ ಶಿಷ್ಯರಾಗಿ, ಭೋಜನ ಶೃಂಗಾರಪ್ರಕಾಶದ ಮೇಲೆ ಮಹಾಪ್ರಬಂಧ ಬರೆದವರು; ಹಸ್ತಪ್ರತಿಗಳ ಬೃಹತ್ ಸೂಚಿಯಾದ ‘ನ್ಯೂ ಕೆಟಲಾಗಸ್ ಕೆಟಲಾಗೋರಂ’ ಯೋಜನೆಯಲ್ಲಿ ಜೀವಮಾನ ಸವೆಸಿದವರು. ಹಸ್ತಪ್ರತಿ ಭಂಡಾರಗಳಲ್ಲಿ ಓಡಾಡಿದ ಈ ಕಣ್ಣು ಅಕಾಡೆಮಿಯ ನಿಯತಕಾಲಿಕೆಗೆ ಹೊಸ ದಿಕ್ಕು ಕೊಟ್ಟಿತು. ಪ್ರಾಚೀನ ಸಂಗೀತಗ್ರಂಥಗಳ ಕರ್ತೃ, ಕಾಲ, ಪಾಠಗಳನ್ನು ಕುರಿತ ಲೇಖನಗಳು ಕಛೇರಿಯ ವರದಿಗಳ ಪಕ್ಕದಲ್ಲಿ ಸ್ಥಾನ ಪಡೆದವು. ಕನ್ನಡದ ಸಂಶೋಧಕರಿಗೂ ಆ ಸಂಪುಟಗಳು ಇಂದಿಗೂ ಆಕರ. ಲಾಭನಷ್ಟ ಎರಡನ್ನೂ ತೂಗಬೇಕು: ಸಂಸ್ಕೃತ ಗ್ರಂಥಕ್ಕೆ ಪ್ರಾಮಾಣ್ಯ ಹೆಚ್ಚಿದಂತೆ ನಾಗಸ್ವರದವರ, ನಟ್ಟುವರ ಬಾಯಿಪಾಠದ ಶಾಸ್ತ್ರ ಅಂಚಿಗೆ ಸರಿಯಿತು.

ಭಾಷೆಯ ವಿವಾದ ಬಂದದ್ದು 1940ರ ದಶಕದ ಆರಂಭದಲ್ಲಿ. ಕಛೇರಿಗಳಲ್ಲಿ ತೆಲುಗು ಮತ್ತು ಸಂಸ್ಕೃತ ಕೃತಿಗಳೇ ತುಂಬಿ ತಮಿಳು ಹಾಡುಗಳು ಕೊನೆಯ ತುಕ್ಕಡಗಳಾಗಿವೆ ಎಂದು ತಮಿಳಿಶೈ ಚಳವಳಿ ಪ್ರಶ್ನೆ ಎತ್ತಿತು. 1941ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಸಮ್ಮೇಳನ ನಡೆಯಿತು. 1943ರಲ್ಲಿ ತಮಿಳಿಶೈ ಸಂಘ ಸ್ಥಾಪನೆಯಾಯಿತು. ಭಾಷೆಯ ಒತ್ತಾಯದಿಂದ ಸಂಗೀತದ ಮಟ್ಟ ಕುಸಿಯಬಾರದು ಎಂಬುದು ಅಕಾಡೆಮಿಯ ನಿಲುವು. ವಿರೋಧಪಕ್ಷದಲ್ಲಿಯೂ ನಾಯಕರು ಇದೇ ಅಚ್ಚಿನವರೆಂಬುದು ಗಮನಾರ್ಹ: ಅಣ್ಣಾಮಲೈ ಚೆಟ್ಟಿಯಾರ್ ಧನಿಕ ವಣಿಜರು, ರಾಜಾಜಿ ವಕೀಲರು, ಕಲ್ಕಿ ಪತ್ರಕರ್ತರು. ತಮಿಳಿಶೈಯ ಪರ ನಿಂತ ಆರ್. ಕೆ. ಷಣ್ಮುಗಂ ಚೆಟ್ಟಿ ಸ್ವತಂತ್ರ ಭಾರತದ ಮೊದಲ ಹಣಕಾಸು ಮಂತ್ರಿಗಳಾದರು. ಅದೇ ಖಾತೆಯನ್ನು ಮುಂದೆ ವಹಿಸಿದ ಟಿ. ಟಿ. ಕೃಷ್ಣಮಾಚಾರಿಯವರ ಹೆಸರನ್ನು ಅಕಾಡೆಮಿಯ ಸಭಾಂಗಣ ಹೊತ್ತಿದೆ. ಆ ಕಟ್ಟಡಕ್ಕೆ 1955ರಲ್ಲಿ ನೆಹರೂ ಅಡಿಗಲ್ಲಿಟ್ಟರು. 1962ರಲ್ಲಿ ಮೈಸೂರಿನ ಜಯಚಾಮರಾಜ ಒಡೆಯರು ಉದ್ಘಾಟಿಸಿದರು.

ಪದಾಧಿಕಾರಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ನೋಡಿದಾಗ ಇಲ್ಲದವರೂ ಎದ್ದು ಕಾಣುತ್ತಾರೆ. ಜಾರ್ಜ್‌ಟೌನಿನ ತನ್ನ ಮನೆಯಲ್ಲಿ ಶುಕ್ರವಾರದ ಸಂಜೆಗಳಂದು ವೀಣೆ ನುಡಿಸುತ್ತಿದ್ದ ಧನಮ್ಮಾಳ್ (1867–1938) ಎದುರು ಮದರಾಸಿನ ದೊಡ್ಡ ದೊಡ್ಡ ವಿದ್ವಾಂಸರು ಮೌನವಾಗಿ ಕುಳಿತು ಕೇಳುತ್ತಿದ್ದರು. ಸಮ್ಮೇಳನದ ಅಧ್ಯಕ್ಷಪೀಠ ಮಾತ್ರ ಆಕೆಗೆ ಒದಗಲಿಲ್ಲ. 1930ರಲ್ಲಿ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು, 1935ರಲ್ಲಿ ಮೈಸೂರು ವಾಸುದೇವಾಚಾರ್ಯರು, 1957ರಲ್ಲಿ ಪಿಟೀಲು ಚೌಡಯ್ಯನವರು ಆ ಪೀಠವನ್ನು ಅಲಂಕರಿಸಿದರು; ಮೂವರಿಗೂ ಮೈಸೂರು ಆಸ್ಥಾನದ ನಂಟಿತ್ತು. ಮಹಿಳೆಯೊಬ್ಬರು ಅಲ್ಲಿ ಕುಳಿತದ್ದು ಸಂಸ್ಥೆಗೆ ನಾಲ್ವತ್ತು ವರ್ಷ ತುಂಬಿದಾಗ: 1968ರಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿ. ಐದು ವರ್ಷಗಳ ತರುವಾಯ, 1973ರಲ್ಲಿ, ಧನಮ್ಮಾಳರ ಮೊಮ್ಮಗಳು ಬಾಲಸರಸ್ವತಿಗೆ ಆ ಗೌರವ ಸಂದಿತು. ಆಗಲೂ ಕಾರ್ಯದರ್ಶಿಯ ಸ್ಥಾನದಲ್ಲಿದ್ದವರು ರಾಘವನ್ನರೇ. ಕೃಷ್ಣ ಅಯ್ಯರ್ ತೀರಿಕೊಂಡು ಐದು ವರ್ಷಗಳಾಗಿದ್ದವು.