ಚಕ್ರಭ್ರಮಣವೂ ಗಾಣದೆರೆಯೂ

ನಮ್ಮ ಪೂರ್ವಿಕರ ಯಂತ್ರವಿದ್ಯೆಯ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಪ್ರಚಾರದಲ್ಲಿರುವುವು. ಪಾಶ್ಚಾತ್ಯರು ಕಂಡುಹಿಡಿದುದೆಲ್ಲವೂ ನಮ್ಮ ಶಾಸ್ತ್ರಗ್ರಂಥಗಳಲ್ಲಿ ಮೊದಲೇ ಉಕ್ತವಾಗಿದೆಯೆಂಬುದು ಒಂದು ಪಕ್ಷ. ನಮ್ಮವರು ಮೋಕ್ಷಚಿಂತನೆಯಲ್ಲಿ ಮುಳುಗಿ ಲೋಕವ್ಯವಹಾರದ ಬಲಾಬಲಗಳನ್ನು ಅರಿಯದೆ ಹೋದರೆಂಬುದು ಮತ್ತೊಂದು ಪಕ್ಷ. ಇವೆರಡೂ ಗ್ರಂಥಗಳನ್ನು ಮಾತ್ರ ಪ್ರಮಾಣವಾಗಿ ಹಿಡಿದು ಹುಟ್ಟಿದ ಪಕ್ಷಗಳು. ಚಕ್ರವು ಏತರಿಂದ ತಿರುಗುತ್ತದೆ, ತಿರುಗಿಸುವ ಬಲವು ಏತರಿಂದ ಹೆಚ್ಚುತ್ತದೆ ಎಂಬ ಒಂದು ವಿಷಯವನ್ನು ಮಾತ್ರ ತೆಗೆದುಕೊಂಡು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಸೀಮೆಗಳ ಬಾಳಿಕೆಯ ಉಪಕರಣಗಳನ್ನೂ ಕನ್ನಡ ಶಾಸನಗಳ ತೆರಿಗೆಯ ಮಾತುಗಳನ್ನೂ ಶಾಸ್ತ್ರದ ಪಕ್ಕದಲ್ಲಿಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಷಯದ ಸ್ವರೂಪವನ್ನು ಹೇಳಬೇಕು. ಬಾಗಿಲನ್ನು ಅದರ ಅಂಚಿನಲ್ಲಿ ಒಂದು ಬೆರಳಿನಿಂದ ನೂಕಿದರೂ ತಿರುಗುತ್ತದೆ. ತಿರುಗಣೆಯ ಬಳಿ ನೂಕಿದರೆ ಇಡೀ ಅಂಗೈ ಬೇಕಾಗುತ್ತದೆ. ಆದುದರಿಂದ ತಿರುಗಿಸುವ ಸಾಮರ್ಥ್ಯವು ಬಲವೊಂದನ್ನೇ ಅವಲಂಬಿಸಿದುದಲ್ಲ. ಬಲವನ್ನು, ಅದು ಎಳೆಯುವ ರೇಖೆಗೂ ಅಚ್ಚಿಗೂ ನಡುವಣ ಲಂಬದೂರದಿಂದ ಗುಣಿಸಿದರೆ ಬರುವ ಮೊತ್ತವೇ ಆ ಸಾಮರ್ಥ್ಯ. ಇದನ್ನು ಇಲ್ಲಿ ತಿರುಗುಬಲವೆಂದು ಕರೆಯುತ್ತೇನೆ. ಇಂಗ್ಲಿಷಿನಲ್ಲಿ ಇದಕ್ಕೆ ಟಾರ್ಕ್ ಎಂದು ಹೆಸರು. ತಕ್ಕಡಿದಂಡದ ನ್ಯಾಯವನ್ನು ಯವನ ಗಣಿತಜ್ಞನಾದ ಆರ್ಕಿಮಿಡೀಸನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಸಾಧಿಸಿದ್ದರೂ, ಟಾರ್ಕ್ ಎಂಬ ಹೆಸರು ಬಳಕೆಗೆ ಬಂದುದು 1884ರಲ್ಲಿ. ಅದರ ಮೂಲವಾದ ಲ್ಯಾಟಿನ್ ಧಾತುವಿಗೆ ತಿರುಚು, ನುಲಿ ಎಂಬುದೇ ಅರ್ಥ. ವಸ್ತುವು ಇದ್ದು ಹೆಸರು ತಡವಾಗಿ ಬರುವುದು ಎಲ್ಲ ದೇಶಗಳಲ್ಲಿಯೂ ಉಂಟೆಂಬುದು ಇದರಿಂದ ತಿಳಿಯುವುದು.

ನಮ್ಮ ದರ್ಶನಗ್ರಂಥಗಳಲ್ಲಿ ಭ್ರಮಣದ ವಿಚಾರವು ಇಲ್ಲದೆ ಇಲ್ಲ. ವೈಶೇಷಿಕರು ಕರ್ಮವನ್ನು ಉತ್ಕ್ಷೇಪಣ, ಅವಕ್ಷೇಪಣ, ಆಕುಂಚನ, ಪ್ರಸಾರಣ, ಗಮನ ಎಂದು ಐದು ವಿಧವಾಗಿ ವಿಭಾಗಿಸಿ, ಭ್ರಮಣವನ್ನು ಗಮನದಲ್ಲಿಯೇ ಅಡಗಿಸಿದರು. ಒಮ್ಮೆ ನೂಕಿದ ವಸ್ತುವು ಆಮೇಲೆಯೂ ಚಲಿಸುತ್ತಿರುವುದಕ್ಕೆ ವೇಗವೆಂಬ ಸಂಸ್ಕಾರವು ಕಾರಣವೆಂದರು. ಈಶ್ವರಕೃಷ್ಣನ ಸಾಂಖ್ಯಕಾರಿಕೆಯ ಅರುವತ್ತೇಳನೆಯ ಕಾರಿಕೆಯಲ್ಲಿ, ಜ್ಞಾನೋದಯವಾದ ಮೇಲೆಯೂ ಶರೀರವು ನಿಲ್ಲುವುದಕ್ಕೆ ಕುಂಬಾರನ ಚಕ್ರವೇ ದೃಷ್ಟಾಂತ. ಶಂಕರ ಭಗವತ್ಪಾದರೂ ಬ್ರಹ್ಮಸೂತ್ರಭಾಷ್ಯದಲ್ಲಿ ಪ್ರಾರಬ್ಧಕರ್ಮದ ವಿಚಾರಕ್ಕೆ ಅದೇ ಚಕ್ರವನ್ನು ತಂದಿರುವರು. ಆದರೆ ಇಲ್ಲೆಲ್ಲ ಕೇಳಿದ ಪ್ರಶ್ನೆಯು ಒಂದೇ: ಕೈ ತೆಗೆದ ಮೇಲೆ ಚಕ್ರವು ಏಕೆ ನಿಲ್ಲುವುದಿಲ್ಲ? ಕೋಲನ್ನು ಅಂಚಿನಲ್ಲಿಟ್ಟು ತಿರುಗಿಸುವುದೇಕೆ, ನಡುವಿನಲ್ಲಿ ಏಕಿಡಬಾರದು ಎಂಬ ಪ್ರಶ್ನೆಯು ಆ ದೃಷ್ಟಾಂತಕ್ಕೆ ಬೇಕಾಗಿರಲಿಲ್ಲ. ಆದುದರಿಂದ ಅದನ್ನು ಅಲ್ಲಿ ಎತ್ತಲೂ ಇಲ್ಲ.

ಜ್ಯೋತಿಷಸಿದ್ಧಾಂತಗಳಲ್ಲಿ ಈ ಪ್ರಶ್ನೆಗೆ ಸಮೀಪವಾದ ಒಂದು ಪ್ರಸಂಗವುಂಟು. ಬ್ರಹ್ಮಗುಪ್ತನು 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿಯೂ, ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯ ಯಂತ್ರಾಧ್ಯಾಯದಲ್ಲಿಯೂ ಸ್ವಯಂವಹ ಯಂತ್ರವನ್ನು ವರ್ಣಿಸಿದ್ದಾರೆ. ಟೊಳ್ಳಾದ ಅರೆಗಳಲ್ಲಿ ಅರ್ಧದಷ್ಟು ಪಾದರಸವನ್ನು ತುಂಬಿದ ಚಕ್ರವು ತಾನಾಗಿಯೇ ತಿರುಗುತ್ತದೆಂದು ಅವರ ಮತ. ಒಂದು ಪಕ್ಕದಲ್ಲಿ ರಸವು ಅಂಚಿಗೆ ಸರಿದು ಅಚ್ಚಿನಿಂದ ದೂರವಾಗುವುದರಿಂದ ಆ ಪಕ್ಕವು ಇಳಿಯಬೇಕೆಂಬುದೇ ಇದರ ಯುಕ್ತಿ. ತೂಕವು ಒಂದೇ ಆದರೂ ದೂರವು ಹೆಚ್ಚಿದರೆ ತಿರುಗಿಸುವ ಶಕ್ತಿಯು ಹೆಚ್ಚುವುದೆಂಬ ಅರಿವು ಇದರಲ್ಲಿ ಸ್ಫುಟವಾಗಿಯೇ ಇದೆ. ಆದರೂ ಯಂತ್ರವು ನಡೆಯದು. ಒಂದು ಪಕ್ಕದಲ್ಲಿ ದೂರವು ಹೆಚ್ಚಾದಷ್ಟೂ ಅಲ್ಲಿರುವ ರಸದ ಪಾಲು ಕಡಮೆಯಾಗುತ್ತದೆ. ಎದುರು ಪಕ್ಕದಲ್ಲಿ ದೂರವು ಕಡಮೆಯಾದರೂ ರಸದ ಪಾಲು ಹೆಚ್ಚು. ಎರಡರ ಗುಣಾಕಾರಗಳೂ ಸಮವಾಗುವ ನಿಲುವಿಗೆ ಬಂದೊಡನೆ ಚಕ್ರವು ನಿಂತುಹೋಗುವುದು. ಆಚಾರ್ಯರ ಗಣಿತಕೌಶಲಕ್ಕೆ ಇದರಿಂದ ಕುಂದೇನೂ ಇಲ್ಲ. ಯೂರೋಪಿನಲ್ಲಿಯೂ ಇಂತಹ ಚಕ್ರಗಳನ್ನು ಕಟ್ಟಲು ಅನೇಕ ಶತಮಾನಗಳ ವರೆಗೆ ಯತ್ನಿಸಿದವರುಂಟು. ದೂರವನ್ನು ಕಂಡು, ದೂರ ಮತ್ತು ತೂಕಗಳ ಗುಣಾಕಾರವನ್ನು ಎಣಿಸದೆ ಬಿಟ್ಟರೆಂಬುದಷ್ಟೇ ಇಲ್ಲಿನ ಸಾರ.

ಇನ್ನು ಗ್ರಂಥವನ್ನು ಬಿಟ್ಟು ನೆಲವನ್ನು ನೋಡೋಣ. ಈ ನಾಲ್ಕು ಸೀಮೆಗಳೂ 1997ರಲ್ಲಿ ಏರ್ಪಟ್ಟ ದಾವಣಗೆರೆ ಜಿಲ್ಲೆಗೆ ಸೇರಿದ್ದರೂ ನೀರಿನ ವಿಷಯದಲ್ಲಿ ಒಂದರಂತೆ ಒಂದಿಲ್ಲ. ಚನ್ನಗಿರಿಯ ಸೂಳೆಕೆರೆ, ಅಂದರೆ ಶಾಂತಿಸಾಗರದ ನೀರು ತೂಬಿನಿಂದ ತಾನಾಗಿ ತಗ್ಗಿಗೆ ಹರಿಯುತ್ತದೆ, ಎತ್ತುವ ಶ್ರಮವಿಲ್ಲ. ಹೊನ್ನಾಳಿ ನ್ಯಾಮತಿಗಳ ಕಡೆ ತುಂಗಭದ್ರೆಯು ದಡಕ್ಕಿಂತ ತಗ್ಗಿನಲ್ಲಿ ಹರಿಯುವಳಾದ್ದರಿಂದ ನೀರನ್ನು ದಡಕ್ಕೆ ಎತ್ತಬೇಕು. ಮಳೆ ಕಡಮೆಯಾದ ಜಗಳೂರಿನಲ್ಲಿ ಬಾವಿಯ ಆಳದಿಂದ ಸೇದಬೇಕು. ಚನ್ನಗಿರಿಯಿಂದ ಜಗಳೂರಿಗೆ ಹೋದಂತೆಲ್ಲ ನೀರಿಗೆ ಬೇಕಾಗುವ ಯಂತ್ರಬಲವು ಹೆಚ್ಚುತ್ತ ಹೋಗುವುದು.

ಆಳವಿಲ್ಲದ ಕಡೆಗೆ ತಕ್ಕುದು ಏತ. ನೆಟ್ಟ ಕಂಬದ ಮೇಲೆ ತೂಗುವ ಉದ್ದ ಮರ, ಅದರ ಒಂದು ತುದಿಯಲ್ಲಿ ನೀರಿನ ಪಾತ್ರೆ, ಮರದ ಮೇಲೆ ಹಿಂದು ಮುಂದಾಗಿ ನಡೆಯುವ ಆಳು. ಪಾತ್ರೆಯೂ ನೀರೂ ಸೇರಿ 20 ಕಿಲೋ ತೂಗಿ ಕಂಬದಿಂದ 10 ಅಡಿ ದೂರದಲ್ಲಿದೆಯೆಂದೂ, ಆಳಿನ ತೂಕ 60 ಕಿಲೋ ಎಂದೂ ಇಟ್ಟುಕೊಳ್ಳೋಣ. ಮರದ ತೂಕವು ಎರಡು ಕಡೆಗೂ ಸಮವಾಗಿದ್ದರೆ ನೀರಿನ ಪಕ್ಕದ ತಿರುಗುಬಲ 200. ಆಳು ಎದುರು ಪಕ್ಕದಲ್ಲಿ ಮೂರು ಅಡಿಯ ಮೇಲೆ ನಿಂತರೆ 180, ಪಾತ್ರೆ ಏಳದು. ಇನ್ನೊಂದು ಅಡಿ ಹಿಂದಕ್ಕೆ ಸರಿದರೆ 240, ಪಾತ್ರೆ ಏಳುತ್ತದೆ. ಆಳಿನ ತೂಕವು ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ಹೆಚ್ಚಿದುದು ದೂರ ಮಾತ್ರ. ಭಾಸ್ಕರಾಚಾರ್ಯರ ಚಕ್ರದಲ್ಲಿ ಎಣಿಕೆಗೆ ಸಿಕ್ಕದೆ ಹೋದ ಗುಣಾಕಾರವನ್ನು ಏತದಾಳು ತನ್ನ ಹೆಜ್ಜೆಯಲ್ಲಿ ದಿನವೂ ಸರಿದೂಗಿಸುತ್ತಿದ್ದನು.

ಆಳವಾದ ಬಾವಿಗೆ ಕಪಿಲೆ. ಇಲ್ಲಿ ಎತ್ತುಗಳು ಇಳಿಜಾರಿನಲ್ಲಿ ನಡೆದು ಹಗ್ಗದಿಂದ ತೊಗಲ ಚೀಲವನ್ನು ಎಳೆಯುವುವು; ಹಗ್ಗವು ಬಾವಿಯ ಬಾಯ ಮೇಲಣ ರಾಟೆಯನ್ನು ಹಾದುಹೋಗುವುದು. ಸ್ಥಿರವಾದ ರಾಟೆಯು ಬಲವನ್ನು ಹೆಚ್ಚಿಸುವುದಿಲ್ಲ, ಅದರ ದಿಕ್ಕನ್ನು ಮಾತ್ರ ತಿರುಗಿಸುವುದು. ಆದರೆ ಅಚ್ಚಿನ ತಿಕ್ಕಾಟವು ಅಚ್ಚಿನ ಸಣ್ಣ ಮೈಯಲ್ಲಿಯೂ, ಹಗ್ಗದ ಎಳೆತವು ರಾಟೆಯ ದೊಡ್ಡ ಅಂಚಿನಲ್ಲಿಯೂ ನಡೆಯುವುದರಿಂದ, ರಾಟೆ ದೊಡ್ಡದಾಗಿ ಅಚ್ಚು ಸಣ್ಣದಾದಷ್ಟೂ ತಿಕ್ಕಾಟದ ನಷ್ಟ ಕಡಮೆ. ಇಳಿಜಾರನ್ನು ಕಟ್ಟಿದುದರಿಂದ ಎತ್ತುಗಳ ಸ್ವಂತ ತೂಕದ ಒಂದು ಪಾಲೂ ಎಳೆತಕ್ಕೆ ಒದಗುವುದು.

ಇವೆಲ್ಲಕ್ಕಿಂತ ಚರಿತ್ರಕಾರನಿಗೆ ಮುಖ್ಯವಾದುದು ಗಾಣ. ಏತ ಕಪಿಲೆಗಳ ಮರವೂ ಹಗ್ಗವೂ ಮಣ್ಣುಗೂಡಿದುವು. ಗಾಣದ ಕಲ್ಲು ಉಳಿದಿದೆ, ಅದರ ಹೆಸರು ಶಾಸನಗಳಲ್ಲಿಯೂ ಉಳಿದಿದೆ. ಎತ್ತು ಅಚ್ಚಿನಿಂದ 8 ಅಡಿ ದೂರದಲ್ಲಿ 40 ಕಿಲೋ ತೂಕದಷ್ಟು ಬಲದಿಂದ ಎಳೆಯುತ್ತದೆಂದೂ, ಒನಕೆಯು ಅಚ್ಚಿನಿಂದ 4 ಅಂಗುಲ ದೂರದಲ್ಲಿ ಕಾಳನ್ನು ಅರೆಯುತ್ತದೆಂದೂ ಭಾವಿಸಿದರೆ, ತಿಕ್ಕಾಟವನ್ನು ಬಿಟ್ಟು ಅಲ್ಲಿ 960 ಕಿಲೋ ತೂಕದಷ್ಟು ಬಲವು ದೊರೆಯುವುದು. ಇದು ಪುಕ್ಕಟೆಯಾಗಿ ಬಂದುದಲ್ಲ. ಎತ್ತು ಒಂದು ಸುತ್ತಿಗೆ ಸುಮಾರು 50 ಅಡಿ ನಡೆದರೆ ಒನಕೆಯು ಸರಿಯುವುದು ಸುಮಾರು ಎರಡೇ ಅಡಿ. ಬಲದಲ್ಲಿ ಇಪ್ಪತ್ತನಾಲ್ಕು ಪಾಲು ಲಾಭ, ನಡೆಯಲ್ಲಿ ಇಪ್ಪತ್ತನಾಲ್ಕು ಪಾಲು ನಷ್ಟ. ಎಷ್ಟು ನಡೆದರೂ ಇದ್ದಲ್ಲಿಯೇ ಇರುವವನನ್ನು ಗಾಣದೆತ್ತೆಂದು ಜನರು ಹಾಸ್ಯಮಾಡುವರು. ಆ ನಡಿಗೆಯೇ ಎಣ್ಣೆಯ ಬೆಲೆಯೆಂಬುದನ್ನು ಮರೆಯಬಾರದು.

ಹೊನ್ನಾಳಿ ಚನ್ನಗಿರಿಗಳ ಶಾಸನಗಳು ಎಪಿಗ್ರಾಫಿಯ ಕರ್ಣಾಟಿಕದ ಏಳನೆಯ ಸಂಪುಟದಲ್ಲಿಯೂ, ಜಗಳೂರಿನವು ಹನ್ನೊಂದನೆಯ ಸಂಪುಟದಲ್ಲಿಯೂ ಬಿ. ಎಲ್. ರೈಸ್ ಅವರಿಂದ ಸಂಪಾದಿತವಾಗಿವೆ. ನ್ಯಾಮತಿಯು ಆಗ ಹೊನ್ನಾಳಿ ತಾಲ್ಲೂಕಿಗೇ ಸೇರಿದ್ದುದರಿಂದ ಅದಕ್ಕೆ ಬೇರೆ ವಿಭಾಗವಿಲ್ಲ. ಚಾಳುಕ್ಯ ಹೊಯ್ಸಳರ ಕಾಲದ ಕನ್ನಡ ಶಾಸನಗಳಲ್ಲಿ ಗಾಣದೆರೆಯೆಂಬ ತೆರಿಗೆಯೂ, ನಂದಾದೀಪಕ್ಕಾಗಿ ಗಾಣವೊಂದಕ್ಕೆ ಇಷ್ಟು ಎಣ್ಣೆಯೆಂದು ತೆಲ್ಲಿಗರು ಬಿಟ್ಟ ದತ್ತಿಗಳೂ ಕಾಣಬರುತ್ತವೆ. ಅಷ್ಟೇ ಅಲ್ಲ, ಕೈಗಾಣ, ಮೆಟ್ಟುಗಾಣ, ಎತ್ತುಗಾಣ ಎಂಬ ಭೇದಗಳೂ ಶಾಸನಭಾಷೆಯಲ್ಲಿ ಉಂಟು. ಕೈಯಿಂದ ನಡೆವುದು, ಕಾಲಿಂದ ನಡೆವುದು, ಎತ್ತಿನಿಂದ ನಡೆವುದು ಎಂಬ ಈ ವಿಭಾಗವು ಗಾಣದ ಆಕಾರದಿಂದ ಮಾಡಿದುದಲ್ಲ, ಎಣ್ಣೆಯ ಜಾತಿಯಿಂದ ಮಾಡಿದುದೂ ಅಲ್ಲ. ನಡೆಸುವ ಬಲದಿಂದ ಮಾಡಿದುದು. ಆಳೊಬ್ಬನು 2 ಅಡಿಯ ಹಿಡಿಕೆಯನ್ನು 15 ಕಿಲೋ ತೂಕದಷ್ಟು ಬಲದಿಂದ ನೂಕಿದರೆ ತಿರುಗುಬಲ 30. ಮೇಲೆ ಹೇಳಿದ ಎತ್ತಿನದು 320. ಹತ್ತು ಪಾಲಿಗೂ ಮೀರಿದ ಈ ಅಂತರವು ಅವುಗಳನ್ನು ಬೇರೆ ಬೇರೆಯಾಗಿ ಹೆಸರಿಸಿದವರ ಅನುಭವಕ್ಕೆ ಬಾರದಿರಲು ಸಾಧ್ಯವಿಲ್ಲ.

ಇದಕ್ಕೆ ಒಂದು ಆಕ್ಷೇಪವನ್ನು ಹೇಳಬಹುದು. ಸುಂಕದವರು ಗಾಣಗಳನ್ನು ಎಣಿಸಿದರಲ್ಲದೆ ತಿರುಗುಬಲದ ನಿಯಮವನ್ನು ಅರಿತಿರಲಿಲ್ಲವೆಂದು. ಆಕ್ಷೇಪವು ನ್ಯಾಯವಾದುದೇ. ನಿಯಮವನ್ನು ಅರಿತರೆಂದು ನಾವು ಹೇಳುವುದಿಲ್ಲ. ಬಲವನ್ನು ಅದರ ಮೂಲದಿಂದ ವಿಂಗಡಿಸಿ, ಲೆಕ್ಕದಲ್ಲಿ ಹಿಡಿದು, ಕಲ್ಲಿನ ಮೇಲೆ ಬರೆಯಿಸುವುದೂ ಒಂದು ಬಗೆಯ ಜ್ಞಾನವೆಂದಷ್ಟೇ ಹೇಳುತ್ತೇವೆ. ಚಕ್ರವು ಏಕೆ ನಿಲ್ಲದೆಂದು ಕೇಳಿದ ಪಂಡಿತನು ಗಾಣದ ಮನೆಗೆ ಹೋಗಲಿಲ್ಲ. ಅಡ್ಡಮರವು ಎಷ್ಟು ಉದ್ದವಿರಬೇಕೆಂದು ಬಲ್ಲ ತೆಲ್ಲಿಗನು ಗ್ರಂಥವನ್ನು ಬರೆಯಲಿಲ್ಲ. ಎರಡು ಅರಿವುಗಳೂ ಒಂದೇ ನಾಡಿನಲ್ಲಿ ಇದ್ದು ಒಂದನ್ನೊಂದು ಕೂಡದೆ ಉಳಿದುದೇ ನಮ್ಮ ಯಂತ್ರವಿದ್ಯೆಯ ಚರಿತ್ರೆಯ ದೊಡ್ಡ ನಷ್ಟ. ಆರಂಭದಲ್ಲಿ ಹೇಳಿದ ಎರಡು ಪಕ್ಷಗಳೂ ಈ ನಷ್ಟವನ್ನು ಕಾಣಲಾರವು.

ಆ ಎರಡು ಲೋಕಗಳು ಸ್ವಲ್ಪವಾದರೂ ಒಂದನ್ನೊಂದು ಮುಟ್ಟಿದುದು ಕನ್ನಡ ಸಾಹಿತ್ಯದಲ್ಲಿ. ವಚನಕಾರರಲ್ಲಿ ಗಾಣದ ಕನ್ನಪ್ಪನಿದ್ದಾನೆ. ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನಿದ್ದಾನೆ. ಹರಿಹರನು ಕುಂಬಾರ ಗುಂಡಯ್ಯನಿಗಾಗಿಯೇ ಒಂದು ರಗಳೆಯನ್ನು ರಚಿಸಿದನು. ಟಾರ್ಕ್ ಶಬ್ದದ ಮೂಲಾರ್ಥವನ್ನು ಹೊತ್ತ ನುಲಿ ಎಂಬ ಮಾತು ನಮ್ಮಲ್ಲಿ ಒಬ್ಬ ಶರಣನ ಹೆಸರಿನಲ್ಲಿಯೇ ನಿಂತಿರುವುದು ಭಾಷಾಪ್ರಿಯರಿಗೆ ಸಂತೋಷದ ವಿಷಯ. ಹೆಂಗಸರ ಬೀಸುವ ಪದಗಳೂ ಇದೇ ಜಾತಿಯವು. ಬೀಸುವ ಕಲ್ಲಿನ ಗೂಟವನ್ನು ಅಂಚಿನಲ್ಲಿ ನೆಟ್ಟಿರುವುದು ದೂರದ ಲಾಭಕ್ಕಾಗಿ. ಮೇಲ್ಗಲ್ಲಿನ ಭಾರವು, ಒಮ್ಮೆ ವೇಗ ಬಂದ ಮೇಲೆ, ಎಳೆತ ಸಡಿಲವಾದ ಗಳಿಗೆಯಲ್ಲಿಯೂ ಕಲ್ಲನ್ನು ನಡೆಸುತ್ತದೆ. ಎದುರುಬದುರಾಗಿ ಕುಳಿತ ಇಬ್ಬರ ಕೈಗಳು ಒಂದೇ ಲಯದಲ್ಲಿ ಎಳೆಯಬೇಕಾದುದರಿಂದ ಹಾಡಿನ ತಾಳವು ಕೆಲಸದ ಅಂಗವೇ ಆಗಿರುವುದು.

ಇಂದು ಈ ಸೀಮೆಗಳಲ್ಲಿ ಭದ್ರಾ ನಾಲೆಯೂ ವಿದ್ಯುತ್ ಪಂಪೂ ಏತ ಕಪಿಲೆಗಳ ಕೆಲಸವನ್ನು ವಹಿಸಿಕೊಂಡಿವೆ. ಗಾಣದ ಎಣ್ಣೆಯೆಂಬ ಹೆಸರು ಅಂಗಡಿಗಳಲ್ಲಿ ಮರಳಿ ಕಾಣಿಸಿದರೂ ಬಹುಮಟ್ಟಿಗೆ ಆ ಗಾಣವನ್ನು ತಿರುಗಿಸುವುದು ವಿದ್ಯುತ್ತೇ. ಇದಕ್ಕಾಗಿ ವ್ಯಥೆಪಡಬೇಕಾಗಿಲ್ಲ, ಎತ್ತಿಗೂ ಆಳಿಗೂ ವಿಶ್ರಾಂತಿ ದೊರೆಯಿತು. ಆದರೆ ಆ ಉಪಕರಣಗಳ ಒಂದೊಂದು ಅಂಗಕ್ಕೂ ಊರೂರಿನಲ್ಲಿ ಇದ್ದ ಹೆಸರುಗಳು, ಅವುಗಳನ್ನು ಬಳಸಿದ ಕೊನೆಯ ತಲೆಮಾರಿನೊಡನೆ ಮರೆಯಾಗುತ್ತಿವೆ. ಆ ಹೆಸರುಗಳಿಲ್ಲದೆ ಶಾಸನದ ಗಾಣವೂ ವಚನದ ಗಾಣವೂ ಮುಂದಿನವರಿಗೆ ಅರ್ಥವಾಗಲಾರವು. ಸಾಹಿತ್ಯದ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು ಹಿರಿಯರ ಬಳಿಗೆ ಕಳುಹಿಸಿ ಈ ಮಾತುಗಳನ್ನು ಉಪಕರಣದ ಅಳತೆಗಳೊಡನೆ ಬರೆಯಿಸಿಕೊಂಡರೆ, ಭೌತಶಾಸ್ತ್ರದ ಪಾಠಕ್ಕೆ ಊರಿನ ಉದಾಹರಣೆಯೂ, ಶಬ್ದಕೋಶಕ್ಕೆ ಹೊಸ ಸಾಮಗ್ರಿಯೂ ಒಂದೇ ಪ್ರಯತ್ನದಿಂದ ಲಭಿಸುವುವು.